ಗಟ್ಟಿ ನಾಯಕಿಯರ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳಿಗೆ, ತಂಗಿಗೆ, ಅಕ್ಕನ ಮಗಳಿಗೆ ಯಾವ ಸಿನಿಮಾ ತೋರಿಸಲಿ ಅಂತ ಹುಡುಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ತಮಗಾಗಿಯೇ ಹುಡುಕುತ್ತಿರುವ ಹುಡುಗಿಯರೂ ಓದಬಹುದು. ಕೆಲವು ಕಡೆ ಕಥೆಯ ಕೊನೆ ಹೇಳಿಬಿಟ್ಟಿದ್ದೇನೆ. ಸಸ್ಪೆನ್ಸ್ ಬೇಕು ಅನ್ನುವವರು ಆ ಭಾಗ ಹಾರಿಸಿ ಓದಿ.

ಗಟ್ಟಿ ನಾಯಕಿ ಅಂದರೆ ಹೊಡೆದಾಡುವವಳಾ?

ಹೊಡೆದಾಡಲಿ, ಬೇಡ ಅನ್ನುವುದಿಲ್ಲ. ಆದರೆ ಅವಳ ಕೈಗೆ ಕತ್ತಿ ಕೊಟ್ಟು, ಕಥೆಯನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟ ಸಿನಿಮಾಗಳು ಬೇಕಾದಷ್ಟಿವೆ. ಎರಡು ಫೈಟು, ಒಂದು ಖಡಕ್ ಡೈಲಾಗು, ಆಮೇಲೆ ಕ್ಲೈಮ್ಯಾಕ್ಸ್‌ನಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಹಾಕಿರುತ್ತಾರೆ. ಬಿಡಿಸಲು ಹೀರೋ ಬರಬೇಕು.

ನಾನು ನೋಡುವುದು ಒಂದೇ ವಿಷಯ. ಕಥೆ ತಿರುಗುವ ಜಾಗದಲ್ಲಿ ತೀರ್ಮಾನ ಯಾರದು?

1998ರ ಅನಿಮೇಷನ್ ಚಿತ್ರ ‘ಮುಲಾನ್’ ತಗೊಳ್ಳಿ. ಗಂಡು ವೇಷ ಹಾಕಿ ಸೈನ್ಯ ಸೇರಿದ ಹುಡುಗಿ ಮುಲಾನ್. ಹಿಮ ತುಂಬಿದ ಕಣಿವೆ. ಎದುರಿಗೆ ದೊಡ್ಡ ಸೈನ್ಯ. ಇವರ ಹತ್ತಿರ ಉಳಿದಿರುವುದು ಒಂದೇ ಒಂದು ಸಿಡಿಬಾಣ. ಶತ್ರು ನಾಯಕನ ಕಡೆ ಗುರಿ ಇಡಿ ಅಂತ ಇವರ ದಳಪತಿ ಹೇಳುತ್ತಾನೆ. ಆ ಹೊತ್ತಿಗೆ ಮುಲಾನ್‌ಗೆ ಕತ್ತಿಯ ಹೊಳಪಿನಲ್ಲಿ ಮೇಲೆ ಜೋತುಬಿದ್ದ ಹಿಮದ ರಾಶಿ ಕಾಣುತ್ತದೆ. ಸಿಡಿಬಾಣವನ್ನು ಕಿತ್ತುಕೊಂಡು ಮುಂದಕ್ಕೆ ಓಡುತ್ತಾಳೆ. ಹೊಡೆಯುವುದು ಮನುಷ್ಯನಿಗಲ್ಲ, ಬೆಟ್ಟಕ್ಕೆ. ಹಿಮ ಕುಸಿದು ಇಡೀ ಸೈನ್ಯ ಮುಚ್ಚಿಹೋಗುತ್ತದೆ. ತೋಳಿನ ಬಲ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಅವಳು ಬೇರೆ ಥರ ಯೋಚಿಸಿದಳು, ಕೇಳದೇ ಮಾಡಿದಳು, ಕಥೆ ತಿರುಗಿತು.

ಈ ಅಳತೆಗೋಲು ಹಿಡಿದರೆ ಅಳುವ ನಾಯಕಿ, ಹೆದರುವ ನಾಯಕಿ, ಅಡುಗೆ ಮಾಡುವ ನಾಯಕಿ ಎಲ್ಲರೂ ಗಟ್ಟಿಯಾಗಿರಬಹುದು.

ಬೆಕ್ಡೆಲ್ ಟೆಸ್ಟ್ ಅಂತಾರಲ್ಲ, ಅದು ಸಾಕಾಗಲ್ವಾ?

ಅಮೆರಿಕದ ಕಾರ್ಟೂನ್ ಕಲಾವಿದೆ ಆಲಿಸನ್ ಬೆಕ್ಡೆಲ್ 1985ರಲ್ಲಿ ಒಂದು ಕಾಮಿಕ್‌ನಲ್ಲಿ ಬರೆದ ನಿಯಮ ಅದು. ಇದು ತನ್ನ ಗೆಳತಿ ಲಿಜ್ ವ್ಯಾಲೇಸ್ ಹೇಳಿದ್ದು ಅಂತ ಬೆಕ್ಡೆಲ್ ಅವರೇ ತಿಳಿಸಿದ್ದಾರೆ. ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಅಷ್ಟೇ.

ಕೇಳಲು ಸುಲಭ. ನಿಮ್ಮ ಇಷ್ಟದ ಹತ್ತು ಸಿನಿಮಾ ಹಿಡಿದು ನೋಡಿ, ಎಷ್ಟು ಪಾಸಾಗುತ್ತವೆ ಅಂತ ಗೊತ್ತಾಗುತ್ತದೆ. ಆದರೆ ಒಂದು ಸಿನಿಮಾ ಒಳ್ಳೆಯದೋ ಅಲ್ಲವೋ ಅಂತ ಇದು ಹೇಳುವುದಿಲ್ಲ. 2013ರ ‘ಗ್ರಾವಿಟಿ’ ಪೂರ್ತಿ ಒಬ್ಬ ಗಗನಯಾತ್ರಿ ಹೆಂಗಸಿನ ಕಥೆ. ಅಲ್ಲಿ ಮಾತಾಡಲು ಇನ್ನೊಬ್ಬ ಹೆಂಗಸೇ ಇಲ್ಲ, ಹಾಗಾಗಿ ಫೇಲ್. ಇಬ್ಬರು ಗೆಳತಿಯರು ಲಿಪ್‌ಸ್ಟಿಕ್ ಬಗ್ಗೆ ಅರ್ಧ ನಿಮಿಷ ಹರಟಿದರೆ ಪಾಸ್! ಒಟ್ಟಾರೆ ಸಿನಿಮಾರಂಗದ ಆರೋಗ್ಯ ನೋಡಲು ಇದು ಸರಿ. ಮಗಳಿಗೆ ಸಿನಿಮಾ ಆರಿಸಲು ಅಲ್ಲ.

ಐದಾರು ವರ್ಷದ ಮಗುವಿಗೆ ಎಲ್ಲಿಂದ ಶುರು ಮಾಡಲಿ?

ಜಪಾನಿನ ಹಯಾವೊ ಮಿಯಾಜಾಕಿ ಅವರಿಂದ. ‘ಮೈ ನೇಬರ್ ಟೊಟೊರೊ’ (1988) ಚಿತ್ರದಲ್ಲಿ ವಿಲನ್ನೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಕ್ಕ ತಂಗಿ ಹಳ್ಳಿಯ ಹೊಸ ಮನೆಗೆ ಬಂದಿದ್ದಾರೆ, ಪಕ್ಕದ ಕಾಡಿನಲ್ಲಿ ಒಂದು ದೊಡ್ಡ ರೋಮದ ಪ್ರಾಣಿ ಇದೆ. ಚಿಕ್ಕ ಮಕ್ಕಳ ಧೈರ್ಯ ಹೇಗಿರುತ್ತದೋ ಹಾಗೇ ತೋರಿಸಿದ್ದಾರೆ.

ಆಮೇಲೆ ‘ಕಿಕೀಸ್ ಡೆಲಿವರಿ ಸರ್ವೀಸ್’ (1989). ಹದಿಮೂರು ವರ್ಷದ ಮಾಟಗಾತಿ ಹುಡುಗಿ ಬೇರೆ ಊರಿಗೆ ಹೋಗಿ, ಪೊರಕೆ ಮೇಲೆ ಹಾರಿ ಪಾರ್ಸೆಲ್ ತಲುಪಿಸುವ ಕೆಲಸ ಹಿಡಿಯುತ್ತಾಳೆ. ಒಂದು ದಿನ ಹಾರಲು ಆಗುವುದಿಲ್ಲ. ಯಾರೂ ಶಾಪ ಕೊಟ್ಟಿಲ್ಲ, ಸುಮ್ನೆ ಸುಸ್ತಾಗಿದ್ದಾಳೆ. ಚಿತ್ರ ಬರೆಯುವ ಗೆಳತಿಯೊಬ್ಬಳು ಅವಳಿಗೆ ಸಿಗುತ್ತಾಳೆ. ನನಗೂ ಕೆಲವು ಸಲ ಬರೆಯಲು ಆಗಲ್ಲ, ಆಗ ಬಿಟ್ಟುಬಿಡುತ್ತೇನೆ, ಓಡಾಡುತ್ತೇನೆ, ನಿದ್ದೆ ಮಾಡುತ್ತೇನೆ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಓದಿ ಓದಿ ಬೇಸತ್ತ ಹತ್ತನೇ ಕ್ಲಾಸಿನ ಹುಡುಗಿಗೂ ಇದು ನಾಟುತ್ತದೆ. ಹಾಗಾಗಿ ಚಿಕ್ಕವರ ಸಿನಿಮಾ ಅಂತ ಪಕ್ಕಕ್ಕಿಡಬೇಡಿ.

ರಾಜಕುಮಾರಿ ಕಥೆಗಳನ್ನು ತೋರಿಸಲೇಬಾರದಾ?

ತೋರಿಸಿ. ಬೇಡ ಅಂದಷ್ಟೂ ಅದೇ ಬೇಕು ಅನ್ನುತ್ತಾರೆ. ಈಗಿನ ರಾಜಕುಮಾರಿಯರು ಬದಲಾಗಿದ್ದಾರೆ ಕೂಡ. ‘ಬ್ರೇವ್’ (2012) ಚಿತ್ರದ ಮೆರಿಡಾಳ ಜಗಳ ಇರುವುದು ಅಮ್ಮನ ಜೊತೆ, ರಾಜಿಯೂ ಅಮ್ಮನ ಜೊತೆ. ಮದುವೆಯೇ ಆಗುವುದಿಲ್ಲ. ‘ಫ್ರೋಜನ್’ (2013) ಕೊನೆಯಲ್ಲಿ ಶಾಪ ಕರಗಿಸುವುದು ತಂಗಿ ಅಕ್ಕನಿಗಾಗಿ ಮಾಡಿದ ತ್ಯಾಗ. ಯಾವ ರಾಜಕುಮಾರನ ಮುತ್ತೂ ಅಲ್ಲ. ‘ಮೊವಾನಾ’ (2016) ಚಿತ್ರದಲ್ಲಿ ಪ್ರೇಮಕಥೆ ಅನ್ನುವುದೇ ಇಲ್ಲ.

ಹತ್ತು ಹನ್ನೆರಡರ ವಯಸ್ಸಿಗೆ?

ಒಳ್ಳೆಯ ಸಿನಿಮಾಗಳು ಜಾಸ್ತಿ ಸಿಗುವುದು ಈ ವಯಸ್ಸಿಗೇ. ಮೂರನ್ನು ಹೇಳುತ್ತೇನೆ.

ಮೊದಲನೆಯದು ‘ಸ್ಪಿರಿಟೆಡ್ ಅವೇ’ (2001). ಇದೂ ಮಿಯಾಜಾಕಿ ಅವರದೇ, ಆಸ್ಕರ್ ಬಂದ ಚಿತ್ರ. ಹತ್ತು ವರ್ಷದ ಚಿಹಿರೊ ಮೊದಲಿಗೆ ಗೊಣಗುವ ಹುಡುಗಿ. ಸ್ವಲ್ಪ ಪುಕ್ಕಲಿ ಕೂಡ. ದೇವರುಗಳು, ಭೂತಗಳು ಬರುವ ಸ್ನಾನಗೃಹವೊಂದರಲ್ಲಿ ಕೆಲಸಕ್ಕೆ ಸೇರಬೇಕಾಗುತ್ತದೆ. ಒಡತಿ ಅವಳ ಹೆಸರನ್ನೇ ಕಿತ್ತುಕೊಂಡು ಬೇರೆ ಹೆಸರಿಡುತ್ತಾಳೆ. ಒಂದು ರಾತ್ರಿ ಗಬ್ಬು ನಾರುವ, ಕೆಸರಿನ ಗುಡ್ಡದಂಥ ಗಿರಾಕಿ ಬರುತ್ತಾನೆ. ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ಇವಳನ್ನು ತಳ್ಳುತ್ತಾರೆ. ಸೊಂಟದವರೆಗೆ ಕೆಸರಿನಲ್ಲಿ ನಿಂತು ನೀರು ಬಿಡುವಾಗ ಅವನ ಮೈಯಲ್ಲಿ ಏನೋ ಚುಚ್ಚಿಕೊಂಡಿರುವುದು ಇವಳ ಕೈಗೆ ಸಿಗುತ್ತದೆ. ನೋಡಿದರೆ ಸೈಕಲ್ ಹ್ಯಾಂಡಲ್. ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದಾಗ ಸೈಕಲ್ ಹೊರಗೆ ಬರುತ್ತದೆ, ಹಿಂದೆಯೇ ರಾಶಿ ರಾಶಿ ಕಸ. ಅವನು ನಾರುವ ಭೂತವೇ ಅಲ್ಲ, ಕಸ ತುಂಬಿದ ಒಂದು ನದಿಯ ದೇವರು! ಅಸಹ್ಯ ಪಟ್ಟುಕೊಳ್ಳದೆ ಹತ್ತಿರ ಹೋದದ್ದಕ್ಕೆ ಅವಳಿಗೆ ಅದು ಗೊತ್ತಾಯಿತು. ಈ ಸಿನಿಮಾದಲ್ಲಿ ಧೈರ್ಯ ಅಂದರೆ ಇದು. ಅಪ್ಪ ಅಮ್ಮ ಹಂದಿಗಳಾಗುವ ಶುರುವಿನ ದೃಶ್ಯ ಚಿಕ್ಕವರಿಗೆ ಭಯ ಹುಟ್ಟಿಸಬಹುದು. ಪಕ್ಕದಲ್ಲಿ ಕೂತಿರಿ.

ಎರಡನೆಯದು ನ್ಯೂಜಿಲೆಂಡಿನ ‘ವೇಲ್ ರೈಡರ್’ (2002). ನಿರ್ದೇಶಕಿ ನಿಕಿ ಕಾರೊ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಕುಟುಂಬದ ಅಜ್ಜ ತನ್ನ ಜನಕ್ಕೆ ಮುಂದಿನ ನಾಯಕನನ್ನು ಹುಡುಕುತ್ತಿದ್ದಾನೆ. ಗಂಡು ಹುಡುಗನೇ ಆಗಬೇಕು. ಮೊಮ್ಮಗಳು ಪೈ ಕಣ್ಣೆದುರೇ ಇದ್ದಾಳೆ, ಅವನಿಗೆ ಕಾಣುವುದಿಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಅವಳು ಅಜ್ಜನಿಗೇ ಅರ್ಪಿಸಿ ಭಾಷಣ ಮಾಡುತ್ತಾಳೆ. ಅಜ್ಜನ ಕುರ್ಚಿ ಖಾಲಿ. ಗಂಟಲು ಕಟ್ಟುತ್ತದೆ, ಕಣ್ಣೀರು ಸುರಿಯುತ್ತದೆ, ಆದರೂ ಮಾತು ನಿಲ್ಲಿಸುವುದಿಲ್ಲ. ಅಳುವುದು ದುರ್ಬಲತೆ ಅನ್ನುವವರಿಗೆ ಆ ಎರಡು ಮೂರು ನಿಮಿಷ ತೋರಿಸಿದರೆ ಸಾಕು. ಆ ಪಾತ್ರ ಮಾಡಿದ ಕೀಷಾ ಕ್ಯಾಸಲ್-ಹ್ಯೂಸ್ 13ನೇ ವಯಸ್ಸಿಗೇ ಶ್ರೇಷ್ಠ ನಟಿ ಆಸ್ಕರ್‌ಗೆ ನಾಮನಿರ್ದೇಶನ ಪಡೆದಳು.

ಮೂರನೆಯದು ಸೌದಿ ಅರೇಬಿಯಾದ ‘ವಜ್ದಾ’ (2012). ಹುಡುಗಿಗೆ ಹಸಿರು ಸೈಕಲ್ ಬೇಕು. ಹುಡುಗಿಯರು ಸೈಕಲ್ ಹೊಡೆಯಬಾರದು ಅನ್ನುತ್ತಾರೆ. ದುಡ್ಡಿಗಾಗಿ ಕುರಾನ್ ಪಠಣ ಸ್ಪರ್ಧೆಗೆ ಸೇರುತ್ತಾಳೆ. ಬೇಕಾದ್ದು ಒಂದು ಸೈಕಲ್ ಅಷ್ಟೇ, ಆದರೆ ಅದರ ಹಿಂದೆ ಇಡೀ ಸಮಾಜ ಕಾಣುತ್ತದೆ. ನಿರ್ದೇಶಕಿ ಹೈಫಾ ಅಲ್-ಮನ್ಸೂರ್ ಬೀದಿಯ ದೃಶ್ಯಗಳನ್ನು ವ್ಯಾನಿನೊಳಗೆ ಕೂತು ವಾಕಿ-ಟಾಕಿಯಲ್ಲಿ ಹೇಳಿ ಹೇಳಿ ಚಿತ್ರೀಕರಿಸಿದರು. ಹೆಂಗಸು ಬೀದಿಯಲ್ಲಿ ನಿಂತು ಗಂಡಸರಿಗೆ ಕೆಲಸ ಹೇಳುವುದನ್ನು ಜನ ಒಪ್ಪುತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಇದನ್ನು ಮಗಳಿಗೆ ಹೇಳಿ.

ಹದಿಹರೆಯದವರಿಗೆ? ನಾವು ಹೇಳಿದ್ದು ಅವರಿಗೆ ಬೇಡ.

ಹಾಗಾದರೆ ಉಪದೇಶ ಇಲ್ಲದ್ದು ಆರಿಸಿ. ‘ಟರ್ನಿಂಗ್ ರೆಡ್’ (2022) ಹದಿಮೂರರ ಹುಡುಗಿಯ ಕಥೆ. ಕೋಪವೋ ನಾಚಿಕೆಯೋ ಉಕ್ಕಿದಾಗ ದೊಡ್ಡ ಕೆಂಪು ಪಾಂಡಾ ಆಗಿಬಿಡುತ್ತಾಳೆ. ಮುಟ್ಟು, ಮೈಯ ಬದಲಾವಣೆ, ಅಮ್ಮನಿಂದ ಮುಚ್ಚಿಡುವ ವಿಷಯಗಳು ಎಲ್ಲ ತಮಾಷೆಯಾಗಿಯೇ ಬರುತ್ತವೆ. ಅಮ್ಮಂದಿರಿಗೆ ಸ್ವಲ್ಪ ಮುಜುಗರ ಆಗುತ್ತದೆ. ಆಗಲಿ ಬಿಡಿ.

‘ಪರ್ಸೆಪೊಲಿಸ್’ (2007) ಕಪ್ಪು ಬಿಳುಪು ಅನಿಮೇಷನ್. ಮರ್ಜಾನ್ ಸತ್ರಾಪಿ ಇರಾನ್ ಕ್ರಾಂತಿಯ ಕಾಲದ ತಮ್ಮದೇ ಬಾಲ್ಯವನ್ನು ಹೇಳಿದ್ದಾರೆ. ಯುದ್ಧ, ಸಾವು, ಮನೋವ್ಯಥೆ ಎಲ್ಲ ಇದೆ, ಹಾಗಾಗಿ ಹದಿನಾಲ್ಕು ಹದಿನೈದು ಆದಮೇಲೆ ಸರಿ. ‘ದಿ ಬ್ರೆಡ್‌ವಿನ್ನರ್’ (2017) ಕಾಬೂಲಿನ ಹುಡುಗಿಯದು. ಅಪ್ಪ ಜೈಲಿಗೆ ಹೋದ ಮೇಲೆ ಮನೆ ನಡೆಸಲು ಕೂದಲು ಕತ್ತರಿಸಿಕೊಂಡು ಹುಡುಗನ ವೇಷದಲ್ಲಿ ಬೀದಿಗಿಳಿಯುತ್ತಾಳೆ. ಇದೂ ಅನಿಮೇಷನ್ನೇ. ಕಾರ್ಟೂನ್ ಅಂದುಕೊಂಡು ಪುಟ್ಟ ಮಕ್ಕಳನ್ನು ಕೂರಿಸಬೇಡಿ.

ನಗು ಬೇಕಾದರೆ ಜಾಫರ್ ಪನಾಹಿ ಅವರ ‘ಆಫ್‌ಸೈಡ್’ (2006). ಇರಾನಿನ ಹುಡುಗಿಯರು ಗಂಡು ವೇಷ ಹಾಕಿ ಫುಟ್‌ಬಾಲ್ ಪಂದ್ಯ ನೋಡಲು ನುಗ್ಗಿ ಸಿಕ್ಕಿಬೀಳುತ್ತಾರೆ. ಕಾವಲಿನ ಸಿಪಾಯಿಗಳ ಜೊತೆ ಅವರು ವಾದ ಮಾಡುವುದೇ ಇಡೀ ಸಿನಿಮಾ. ಪ್ರಶ್ನೆ ಕೇಳಿ ಕೇಳಿ ಸಿಪಾಯಿಗಳನ್ನೇ ಸುಸ್ತು ಮಾಡುತ್ತಾರೆ.

ಆಟೋಟದ ಸಿನಿಮಾಗಳಲ್ಲಿ ಯಾವುದು ಒಳ್ಳೆಯದು? ‘ದಂಗಲ್’ ತೋರಿಸಬಹುದಾ?

ತೋರಿಸಿ, ಆದರೆ ಸುಮ್ಮನೆ ತೋರಿಸಿ ಎದ್ದುಹೋಗಬೇಡಿ. ಕುಸ್ತಿಪಟು ಗೀತಾ ಫೋಗಟ್ ಅವರ ಬದುಕು ಆಧರಿಸಿದ ‘ದಂಗಲ್’ (2016) ಎದೆ ಬಡಿತ ಹೆಚ್ಚಿಸುವ ಸಿನಿಮಾ, ಅನುಮಾನ ಇಲ್ಲ. ಆದರೆ ನನ್ನ ಅಳತೆಗೋಲು ಇಟ್ಟು ನೋಡಿ. ಕುಸ್ತಿ ಆಡಬೇಕು ಅಂತ ತೀರ್ಮಾನಿಸಿದ್ದು ಯಾರು? ಅಪ್ಪ. ಕೂದಲು ಕತ್ತರಿಸಿದ್ದು ಯಾರ ಮಾತಿಗೆ? ಅಪ್ಪನ ಮಾತಿಗೆ. ತರಬೇತುದಾರನ ಮಾತು ಕೇಳಿದ ಮಗಳು ಸೋಲುತ್ತಾಳೆ, ಅಪ್ಪನ ಮಾತಿಗೆ ಮರಳಿದಾಗ ಗೆಲ್ಲುತ್ತಾಳೆ. ಫೈನಲ್‌ನಲ್ಲಿ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿದ ಮೇಲಷ್ಟೇ ಅವಳು ಒಬ್ಬಳೇ ಯೋಚಿಸಬೇಕಾಗುತ್ತದೆ. ಆ ಕೂಡಿಹಾಕುವ ಪ್ರಸಂಗವೂ ಕಟ್ಟುಕಥೆ. ಗೀತಾ ಫೋಗಟ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆ ಫೈನಲ್ ಗೆದ್ದದ್ದು ಸಿನಿಮಾದಲ್ಲಿ ತೋರಿಸಿದಷ್ಟು ಏದುಸಿರು ಬಿಟ್ಟೂ ಅಲ್ಲ, ಸುಲಭವಾಗಿಯೇ ಗೆದ್ದರು. ಇದನ್ನೆಲ್ಲ ಮಗಳ ಹತ್ತಿರ ಚರ್ಚೆ ಮಾಡಿ. ಅವಳು ಸಿನಿಮಾದ ಪರವೇ ವಾದಿಸಿದರೆ ಇನ್ನೂ ಒಳ್ಳೆಯದು.

‘ಚಕ್ ದೇ! ಇಂಡಿಯಾ’ (2007) ಚಿತ್ರದಲ್ಲೂ ಗಂಡು ಕೋಚ್ ಇದ್ದಾನೆ. ಆದರೆ ಅಲ್ಲಿ ಹುಡುಗಿಯರಿಗೆ ತಮ್ಮದೇ ಹಟ, ಹೊಟ್ಟೆಕಿಚ್ಚು, ಜಗಳ ಇವೆ. ಉದ್ದಕ್ಕೂ ಒಬ್ಬರಿಗೊಬ್ಬರು ಪಾಸ್ ಕೊಡದ ಇಬ್ಬರಲ್ಲಿ ಒಬ್ಬಳು ಕೊನೆಗೆ ಚೆಂಡನ್ನು ಇನ್ನೊಬ್ಬಳಿಗೆ ತಳ್ಳುತ್ತಾಳಲ್ಲ, ಆ ತೀರ್ಮಾನ ಪೂರ್ತಿ ಅವಳದು.

ಚೆಸ್ ಇಷ್ಟಪಡುವವರಿಗೆ ಮೀರಾ ನಾಯರ್ ಅವರ ‘ಕ್ವೀನ್ ಆಫ್ ಕಾಟ್ವೆ’ (2016). ಉಗಾಂಡಾದ ಕೊಳೆಗೇರಿಯಲ್ಲಿ ಜೋಳ ಮಾರುತ್ತಿದ್ದ ಫಿಯೋನಾ ಮುಟೇಸಿಯ ನಿಜ ಕಥೆ. ಅವಳು ಸೋತು ಕುಸಿಯುವ ಭಾಗವನ್ನು ಅವಸರ ಮಾಡದೆ ತೋರಿಸಿದ್ದಾರೆ.

‘ನಿಜ ಕಥೆ ಆಧಾರಿತ’ ಅಂದರೆ ಎಷ್ಟು ನಂಬಬೇಕು?

ಮನುಷ್ಯರನ್ನು ನಂಬಿ, ದೃಶ್ಯಗಳನ್ನು ಪರೀಕ್ಷಿಸಿ. ‘ಹಿಡನ್ ಫಿಗರ್ಸ್’ (2016) ಒಳ್ಳೆಯ ಉದಾಹರಣೆ. ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪು ಜನಾಂಗದ ಮೂವರು ಹೆಂಗಸರು, ಕ್ಯಾಥರಿನ್ ಜಾನ್ಸನ್, ಡೊರೊಥಿ ವಾನ್ ಮತ್ತು ಮೇರಿ ಜಾಕ್ಸನ್ ಅವರ ಕಥೆ. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಡುವ ಮುನ್ನ, ಕಂಪ್ಯೂಟರ್ ಕೊಟ್ಟ ಲೆಕ್ಕವನ್ನು ಕ್ಯಾಥರಿನ್ ಕೈಯಿಂದ ಪರೀಕ್ಷೆ ಮಾಡಿಸಿ ಅಂತ ಕೇಳಿದ್ದು ನಿಜ. ಆದರೆ ಸಿನಿಮಾದಲ್ಲಿ ಇರುವ ಹಾಗೆ ರಾಕೆಟ್ ಹಾರುವ ಗಳಿಗೆಯಲ್ಲಿ ಅಲ್ಲ, ಮುಂಚೆಯೇ.

ಕಪ್ಪು ಜನರ ಶೌಚಾಲಯಕ್ಕೆ ಕ್ಯಾಥರಿನ್ ಅರ್ಧ ಮೈಲಿ ಓಡುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ಬಾಸ್ ಬಂದು ಆ ಬೋರ್ಡನ್ನು ಒಡೆದು ಹಾಕುತ್ತಾನೆ. ನಿಜದಲ್ಲಿ ಯಾವ ಬಾಸೂ ಒಡೆಯಲಿಲ್ಲ. ಕ್ಯಾಥರಿನ್ ಮೊದಲಿನಿಂದಲೂ ಬೋರ್ಡ್ ಇಲ್ಲದ ಶೌಚಾಲಯವನ್ನೇ ಬಳಸುತ್ತಿದ್ದರು, ಬೇರೆ ಕಡೆ ಹೋಗಲು ಒಪ್ಪಲಿಲ್ಲ. ನನ್ನ ಕೇಳಿದರೆ ನಿಜವೇ ಹೆಚ್ಚು ಚೆನ್ನಾಗಿದೆ. ಸಿನಿಮಾ ಅವರ ತೀರ್ಮಾನವನ್ನು ತೆಗೆದು ಒಬ್ಬ ಒಳ್ಳೆಯ ಬಿಳಿಯನ ಕೈಗೆ ಕೊಟ್ಟಿತು. ಡೊರೊಥಿ ವಾನ್ ಮೇಲ್ವಿಚಾರಕಿ ಆಗಿದ್ದೂ 1949ರಲ್ಲಿಯೇ, ಸಿನಿಮಾ ತೋರಿಸುವ ಕಾಲಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಮೊದಲು.

ಹಾಗಂತ ಸಿನಿಮಾ ಬಿಡಬೇಡಿ. ಗಣಿತ ಅಂದರೆ ಹುಡುಗರದ್ದು ಅಂದುಕೊಂಡಿರುವ ಹುಡುಗಿಗೆ ಕಪ್ಪು ಹಲಗೆಯ ಮುಂದೆ ಏಣಿ ಹತ್ತಿ ಲೆಕ್ಕ ಬಿಡಿಸುವ ಹೆಂಗಸನ್ನು ನೋಡುವುದೇ ಒಂದು ಖುಷಿ.

ಆಕ್ಷನ್ ಸಿನಿಮಾ?

‘ವಂಡರ್ ವುಮನ್’ (2017) ಹದಿಮೂರು ದಾಟಿದವರಿಗೆ. ದೊಡ್ಡವರಿಗಾದರೆ ‘ಏಲಿಯನ್’ (1979). ಅದರ ಚಿತ್ರಕಥೆಯಲ್ಲಿ ಪಾತ್ರಗಳು ಗಂಡೋ ಹೆಣ್ಣೋ ಅಂತ ನಿಗದಿ ಮಾಡಿರಲಿಲ್ಲ, ಯಾರು ಬೇಕಾದರೂ ಆಗಬಹುದು ಅಂತ ಬರೆದಿದ್ದರು. ಆಮೇಲೆ ಮುಖ್ಯ ಪಾತ್ರವಾದ ರಿಪ್ಲಿಗೆ ನಟಿ ಸಿಗೋರ್ನಿ ವೀವರ್ ಬಂದರು. ‘ಹೆಣ್ಣಿನ ಪಾತ್ರ’ ಅಂತ ಬರೆಯಲು ಕೂರದೇ ಇದ್ದದ್ದಕ್ಕೇ ಅದು ಅಷ್ಟು ಚೆನ್ನಾಗಿ ಬಂತೇನೋ.

ಕನ್ನಡದಲ್ಲಿ ಏನೂ ಇಲ್ವಾ?

ಇದೆ. ಹಳೆಯದು ಅಂತ ಮೂಗು ಮುರಿಯಬಾರದು ಅಷ್ಟೇ. 1967ರ ‘ಬೆಳ್ಳಿ ಮೋಡ’ ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಮಾಡಿದ ಮೊದಲ ಸಿನಿಮಾ. ತ್ರಿವೇಣಿ ಅವರ ಕಾದಂಬರಿ. ಆಸ್ತಿ ಕೈತಪ್ಪುತ್ತದೆ ಅಂದಾಗ ಕೈಬಿಟ್ಟವನು, ಇಂದಿರಾಳ ಆರೈಕೆಯಲ್ಲಿ ಚೇತರಿಸಿಕೊಂಡ ಮೇಲೆ ಮದುವೆಯಾಗೋಣ ಅನ್ನುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಕಿರುಚಾಟ ಇಲ್ಲ, ಸೇಡು ಇಲ್ಲ. ಆ ಕಾಲದ ಪ್ರೇಕ್ಷಕರಿಗೆ ಅದು ಎಂಥ ಕೊನೆ ಅಂತ ಯೋಚಿಸಿ. ಕಲ್ಪನಾ ಅವರ ‘ಶರಪಂಜರ’ (1971) ಗೆಲುವಿನ ಕಥೆ ಅಲ್ಲ. ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಬಿದ್ದು, ವಾಸಿಯಾಗಿ ಬಂದವಳನ್ನು ಸುತ್ತಲಿನವರೇ ಮತ್ತೆ ಕೆಡವುತ್ತಾರೆ. ಇದು ದೊಡ್ಡ ಹುಡುಗಿಯರಿಗೆ.

ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿದ್ದು. ಬಾಲವಿಧವೆಯಾಗಿ ಇಡೀ ಬದುಕು ಸವೆಸಿದ ಅಜ್ಜಿ, ಕೊನೆಗೆ ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ತನಗೆ ಸಿಗದ್ದು ಅವಳಿಗಾದರೂ ಸಿಗಲಿ ಅನ್ನುತ್ತಾಳಲ್ಲ, ಆ ಒಂದು ನಿಲುವಿಗೆ ನಾನು ಹತ್ತು ಫೈಟ್ ಸೀನ್ ಬಿಟ್ಟುಕೊಡುತ್ತೇನೆ. ಗಿರೀಶ್ ಕಾಸರವಳ್ಳಿ ಅವರ ‘ದ್ವೀಪ’ವನ್ನು ನಟಿ ಸೌಂದರ್ಯ ಅವರೇ ನಿರ್ಮಿಸಿ ನಟಿಸಿದರು. ಕಾಸರವಳ್ಳಿ ಅವರದೇ ‘ಹಸೀನಾ’ (2004) ಬಾನು ಮುಷ್ತಾಕ್ ಅವರ ಕಥೆ. ಗಂಡ ಬಿಟ್ಟುಹೋದವಳು ಮಕ್ಕಳ ಜೊತೆ ನ್ಯಾಯ ಕೇಳುತ್ತಾಳೆ, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಗುರಾದದ್ದು ಬೇಕಾದರೆ ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ ನಟಿಸಿದ ‘ಆಚಾರ್ ಅಂಡ್ ಕೋ’ (2023) ಮನೆಯವರೆಲ್ಲ ಕೂತು ನೋಡುವಂಥದ್ದು.

ಕಾಲೇಜು ಮುಗಿಸಿ ಕೆಲಸ, ಮದುವೆ ಅಂತ ತಲೆಕೆಡಿಸಿಕೊಂಡಿರುವವರಿಗೆ?

‘ಕ್ವೀನ್’ (2014) ಈಗಾಗಲೇ ನೋಡಿರುತ್ತೀರಿ. ಮದುವೆ ಮುರಿದ ಹುಡುಗಿ ಹನಿಮೂನ್‌ಗೆ ಒಬ್ಬಳೇ ಹೊರಡುತ್ತಾಳೆ. ಕೊನೆಗೆ ಉಂಗುರ ವಾಪಸ್ ಕೊಟ್ಟು ಥ್ಯಾಂಕ್ಸ್ ಹೇಳಿ ನಡೆಯುತ್ತಾಳೆ. ‘ಇಂಗ್ಲಿಷ್ ವಿಂಗ್ಲಿಷ್’ (2012) ಅಮ್ಮನ ಜೊತೆ ನೋಡಿ. ಇಂಗ್ಲಿಷ್ ಕಲಿತ ಮೇಲೆ ನಾಯಕಿ ಶಶಿ ವಿಮಾನದಲ್ಲಿ ಇಂಗ್ಲಿಷಿನಲ್ಲೇ ಹಿಂದಿ ಪೇಪರ್ ಇದೆಯಾ ಅಂತ ಕೇಳುತ್ತಾಳೆ. ಆ ಒಂದು ಪ್ರಶ್ನೆಯಲ್ಲಿ ಇಡೀ ಸಿನಿಮಾ ಇದೆ.

‘ದಿ ಗ್ರೇಟ್ ಇಂಡಿಯನ್ ಕಿಚನ್’ (2021, ಮಲಯಾಳಂ) ಮನಸ್ಸಿಗೆ ಭಾರ. ಹೆಚ್ಚುವುದು, ರುಬ್ಬುವುದು, ತೊಳೆಯುವುದು, ಸೋರುವ ಸಿಂಕಿನ ಪೈಪು. ರಿಪೇರಿ ಮಾಡಿಸಿ ಅಂತ ಎಷ್ಟು ಸಲ ಹೇಳಿದರೂ ಗಂಡ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಡೀ ಸಿನಿಮಾದಲ್ಲಿ ಅವಳಿಗೆ ಹೆಸರೇ ಇಲ್ಲ.

2019ರ ‘ಲಿಟಲ್ ವಿಮೆನ್’ ಬರೆಯುವ ಹುಡುಗಿಯರಿಗೆ. ಕೊನೆಯಲ್ಲಿ ಲೇಖಕಿ ಜೋ ಪ್ರಕಾಶಕನ ಎದುರು ಕೂತು ರಾಯಲ್ಟಿಗೆ ಚೌಕಾಸಿ ಮಾಡುತ್ತಾಳೆ. ಕಾಪಿರೈಟ್ ಮಾತ್ರ ಬಿಟ್ಟುಕೊಡುವುದಿಲ್ಲ. ಸಂಬಳದ ಮಾತುಕತೆಗೆ ಹೋಗುವ ಮುನ್ನ ಆ ದೃಶ್ಯ ಒಮ್ಮೆ ನೋಡಿಕೊಂಡು ಹೋಗಿ, ಸುಮ್ನೆ ಹೇಳ್ತಿಲ್ಲ.

ಅತ್ಯಾಚಾರಕ್ಕೆ ಸೇಡು ತೀರಿಸಿಕೊಳ್ಳುವ ಕಥೆಗಳು ಸಬಲೀಕರಣ ಅಲ್ವಾ?

ಬಹುಪಾಲು ಅಲ್ಲ. ಅರ್ಧ ಸಿನಿಮಾ ಅವಳ ಮೇಲಿನ ಹಿಂಸೆಯನ್ನೇ ಕ್ಯಾಮೆರಾ ಚಪ್ಪರಿಸಿ ತೋರಿಸುತ್ತದೆ. ಹೆಣ್ಣು ಗಟ್ಟಿಯಾಗಲು ಮೊದಲು ಅವಳನ್ನು ಮುರಿಯಲೇಬೇಕು ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಚಿಕ್ಕವರಿಗಂತೂ ಬೇಡವೇ ಬೇಡ.

ನಿರ್ದೇಶಕರು ಹೆಣ್ಣೇ ಆಗಿರಬೇಕಾ?

ಕಡ್ಡಾಯ ಅಲ್ಲ. ಮಿಯಾಜಾಕಿ ಗಂಡಸು. ಆಸ್ಕರ್‌ನಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಗೆದ್ದ ಮೊದಲ ಮಹಿಳೆ ಕ್ಯಾಥರಿನ್ ಬಿಗೆಲೊ. 2010ರಲ್ಲಿ ಅವರಿಗೆ ಅದನ್ನು ತಂದುಕೊಟ್ಟ ‘ದಿ ಹರ್ಟ್ ಲಾಕರ್’ ಗಂಡು ಸೈನಿಕರ ಸಿನಿಮಾ. ಆದರೂ ಟೈಟಲ್ ಕಾರ್ಡಿನಲ್ಲಿ ಯಾರ ಹೆಸರಿದೆ ಅಂತ ಮಗಳಿಗೆ ತೋರಿಸಿ. ನಾಯಕಿ ಆಗುವುದಷ್ಟೇ ಅಲ್ಲ, ಕ್ಯಾಮೆರಾ ಹಿಂದೆಯೂ ಕೆಲಸ ಇದೆ ಅಂತ ಗೊತ್ತಾಗಲಿ.

ಗಂಡುಮಕ್ಕಳಿಗೂ ತೋರಿಸಬೇಕಾ?

ಹೌದು. ಹುಡುಗಿಯರು ಇಷ್ಟು ವರ್ಷ ಹೀರೋಗಳ ಕಥೆ ನೋಡಿಲ್ವಾ?

ನೋಡಿದ ಮೇಲೆ ಏನು ಮಾತಾಡೋದು? ಕೇಳಿದರೆ ‘ಚೆನ್ನಾಗಿತ್ತು’ ಅಂತ ಎದ್ದು ಹೋಗುತ್ತಾಳೆ.

‘ಏನು ಕಲಿತೆ?’ ಅಂತ ಕೇಳಬೇಡಿ. ಪರೀಕ್ಷೆ ಥರ ಆಗುತ್ತದೆ. ಜಗಳಕ್ಕೆ ಎಳೆಯಿರಿ. ‘ಆ ಹುಡುಗಿ ಮಾಡಿದ್ದು ನನಗೆ ಸರಿ ಅನಿಸಲಿಲ್ಲ’ ಅನ್ನಿ, ಆಮೇಲೆ ನೋಡಿ. ಅಥವಾ ಅಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ಉತ್ತರ ಅವತ್ತೇ ಬರಬೇಕಂತಿಲ್ಲ.

ಡಾಕ್ಯುಮೆಂಟರಿ ಯಾವುದಾದರೂ?

‘ರೈಟಿಂಗ್ ವಿತ್ ಫೈರ್’ (2021). ಉತ್ತರ ಪ್ರದೇಶದ ‘ಖಬರ್ ಲಹರಿಯಾ’ ಪತ್ರಿಕೆಯ ದಲಿತ ವರದಿಗಾರ್ತಿಯರು ಮುದ್ರಣದಿಂದ ಮೊಬೈಲ್ ವರದಿಗಾರಿಕೆಗೆ ಬರುವ ಕಾಲದ ಚಿತ್ರ. ಫೋನ್ ಹಿಡಿದು ಅಭ್ಯಾಸವೇ ಇಲ್ಲದವರೂ ವಿಡಿಯೋ ಮಾಡಲು ಕಲಿಯುತ್ತಾರೆ. ಪೊಲೀಸರನ್ನು, ರಾಜಕಾರಣಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅದೇ ಸಮಯಕ್ಕೆ ಪತ್ರಿಕೆಯವರು, ಚಿತ್ರ ನಮ್ಮ ಕೆಲಸದ ಒಂದು ಭಾಗವನ್ನಷ್ಟೇ ತೋರಿಸಿದೆ, ಇದು ನಮ್ಮ ಪೂರ್ತಿ ಕಥೆ ಅಲ್ಲ ಅಂತ ಹೇಳಿಕೆ ಕೊಟ್ಟರು. ತಮ್ಮನ್ನು ಹೊಗಳಿದ ಸಿನಿಮಾಗೂ ಪ್ರಶ್ನೆ ಹಾಕುವ ವರದಿಗಾರ್ತಿಯರು ಅವರು. ಮೊದಲು ಸಿನಿಮಾ ನೋಡಿ, ಆಮೇಲೆ ಆ ಪತ್ರಿಕೆಯ ವರದಿಗಳನ್ನೂ ಒಂದೆರಡು ನೋಡಿ.